ವ್ಯಾಪಾರ ಸುಧಾರಣೆ, ರಸ್ತೆ, ರೈಲು, ಬಂದರು: ಕೋಲಾರದ ಕಡೆ ಪದೇ ಪದೇ ಕೇಳೋ ಪ್ರಶ್ನೆಗಳು

ಟೊಮೆಟೊ ಮಂಡಿಯಲ್ಲಿ, ಕಾಲೇಜು ಹುಡುಗರ ಜೊತೆ ಮಾತಾಡುವಾಗ, ಪತ್ರಗಳಲ್ಲಿ, ವಾಟ್ಸಾಪಲ್ಲಿ ಇವೇ ಪ್ರಶ್ನೆಗಳು ತಿರುಗಿ ತಿರುಗಿ ಬರ್ತಾ ಇರೋದ್ರಿಂದ ಒಂದು ಕಡೆ ಬರೆದಿಟ್ಟಿದ್ದೀನಿ. ಕೇಳಿದವರ ಮಾತನ್ನ ಅವರು ಕೇಳಿದ ಹಾಗೇ ಬಿಟ್ಟಿದ್ದೀನಿ. ಯಾವ ಪ್ರಶ್ನೆ ಬೇಕೋ ಅದನ್ನ ಮಾತ್ರ ಓದ್ಕೊಂಡ್ರೂ ಅರ್ಥ ಆಗುತ್ತೆ.

## ಮೊದಲು ಬೇಸಿಕ್

ದೇಶದ ಸ್ಪರ್ಧಾ ಶಕ್ತಿ ಅಂತಾರಲ್ಲ ಸಾರ್, ದೇಶ ದೇಶದ ಮಧ್ಯೆ ಏನು ರೇಸ್ ನಡೀತಿದ್ಯಾ?

ರೇಸ್ ಅಲ್ಲ. ಸಿಂಗಾಪುರದಲ್ಲಿ ಒಬ್ಬ ವ್ಯಾಪಾರಿ ಈರುಳ್ಳಿ ಬೇಕು ಅಂತಾನೆ, ಅವನಿಗೆ ನಾವೂ ಕೊಡಬಹುದು, ಬೇರೆ ನಾಲ್ಕು ದೇಶದವರೂ ಕೊಡಬಹುದು. ಒಳ್ಳೇ ಮಾಲನ್ನ, ಹೇಳಿದ ದಿನಕ್ಕೆ, ಅವನಿಗೆ ಒಪ್ಪೋ ರೇಟಿಗೆ ಮುಟ್ಟಿಸಿ, ಆಮೇಲೂ ಇಲ್ಲಿ ಬೆಳೆದವನಿಗೆ, ದುಡಿದವನಿಗೆ ನಾಲ್ಕು ಕಾಸು ಉಳಿಯುತ್ತೆ ಅಂದ್ರೆ ಅದು ಸ್ಪರ್ಧಾ ಶಕ್ತಿ. ಕೂಲಿ ಕಮ್ಮಿ ಕೊಟ್ಟು ಅಗ್ಗಕ್ಕೆ ಮಾರೋದನ್ನ ಅದೇ ಹೆಸರಲ್ಲಿ ಕರೆಯೋರಿದ್ದಾರೆ, ನಾನು ಒಪ್ಪಲ್ಲ. ಕೂಲಿ ಏರ್ತಾ ಇರ್ಬೇಕು, ಮಾಲೂ ಹೋಗ್ತಾ ಇರ್ಬೇಕು, ಎರಡೂ ಒಟ್ಟಿಗೆ ಆಗ್ಬೇಕು ಅಂದ್ರೆ ಮಧ್ಯದಲ್ಲಿ ವ್ಯರ್ಥ ಆಗೋ ದುಡ್ಡು, ಟೈಮು ಎರಡನ್ನೂ ಕಡಿಮೆ ಮಾಡ್ಲೇಬೇಕು.

ಟ್ರೇಡ್ ರಿಫಾರ್ಮ್ ಅಂದ್ರೆ ಬರೀ ಟ್ಯಾಕ್ಸ್ ಇಳಿಸೋದು ತಾನೇ?

1991ರಲ್ಲಿ ಶುರುವಾಗಿದ್ದು ಹೆಚ್ಚುಕಮ್ಮಿ ಹಾಗೇನೆ. ಆಗ ಆಮದು ಸುಂಕದ ಗರಿಷ್ಠ ದರ 150% ಇತ್ತು, ಅದಕ್ಕೂ ಮುಂಚೆ ಇನ್ನೂ ಜಾಸ್ತಿ, ಎಷ್ಟೋ ವಸ್ತು ತರಿಸೋಕೆ ಲೈಸೆನ್ಸ್ ಬೇಕಿತ್ತು. ನರಸಿಂಹ ರಾವ್ ಪ್ರಧಾನಿ, ಮನಮೋಹನ್ ಸಿಂಗ್ ಹಣಕಾಸು ಮಂತ್ರಿ ಆಗಿದ್ದಾಗ ಅದನ್ನ ಸಡಿಲ ಮಾಡೋಕೆ ಶುರು ಮಾಡಿದ್ರು, ಅದೇ ಜುಲೈ ತಿಂಗಳಲ್ಲಿ ರೂಪಾಯಿ ಬೆಲೆನೂ ಎರಡು ಸಲ ಇಳಿಸಿದ್ರು. ಆದ್ರೆ ಸುಂಕ ಒಂದು ಭಾಗ ಅಷ್ಟೇ. ಎರಡನೇದು ಕಾಗದ ಪತ್ರ: ಕಸ್ಟಮ್ಸ್, ಸರ್ಟಿಫಿಕೇಟು, ಲ್ಯಾಬ್ ಟೆಸ್ಟು. ಮೂರನೇದು ಅಂದ್ರೆ ನಿಯಮ ಇವತ್ತು ಇದ್ದ ಹಾಗೆ ನಾಳೆನೂ ಇರುತ್ತೆ ಅನ್ನೋ ಭರವಸೆ. ನಮ್ಮ ಜಿಲ್ಲೆಗಳಲ್ಲಿ ಜನ ನೊಂದಿರೋದು ಜಾಸ್ತಿ ಈ ಮೂರನೇದ್ರಿಂದ, ಕೆಳಗೆ ಗುಲಾಬಿ ಈರುಳ್ಳಿ ಪ್ರಶ್ನೆಯಲ್ಲಿ ಬರೆದಿದ್ದೀನಿ.

ರಸ್ತೆ ಚೆನ್ನಾಗಾದ್ರೆ ಲಾರಿಯವನಿಗೆ ಲಾಭ, ರೈತನಿಗೆ ಏನು ಬಂತು?

ಕೋಲಾರ ಎಪಿಎಂಸಿಗೆ ಟೊಮೆಟೊ ಸೀಸನ್ನಲ್ಲಿ ಬೆಳಿಗ್ಗೆ ಒಂದು ಸಲ ಹೋಗಿ ನೋಡಿ. 15 ಕೆಜಿ ಬಾಕ್ಸುಗಳು ಆಳೆತ್ತರಕ್ಕೆ ಜೋಡಿಸಿರ್ತಾರೆ, ಒಂದು ಬಾಕ್ಸಿಂದ ನಾಲ್ಕು ಹಣ್ಣು ಕೈಗೆ ತಗೊಂಡು, ಒತ್ತಿ ನೋಡಿ, ತೊಟ್ಟಿನ ಹತ್ರ ಬಣ್ಣ ನೋಡಿ ಖರೀದಿದಾರ ಕೂಗ್ತಾನೆ. ಆ ಕೂಗೋ ರೇಟಲ್ಲಿ ಅವನು ಮನಸ್ಸಲ್ಲೇ ಲೆಕ್ಕ ಹಾಕಿರ್ತಾನೆ: ಕೋಲ್ಕತ್ತಾದಲ್ಲಿ ಇಷ್ಟಕ್ಕೆ ಹೋಗುತ್ತೆ, ಅದರಲ್ಲಿ ಲಾರಿ ಬಾಡಿಗೆ ಇಷ್ಟು, ಹಮಾಲಿ ಇಷ್ಟು, ದಾರಿಯಲ್ಲಿ ಕೊಳೆಯೋದು ಇಷ್ಟು ಬಾಕ್ಸು, ಎಲ್ಲಾ ಕಳೆದು ಉಳಿದಿದ್ದನ್ನೇ ರೈತನಿಗೆ ಕೂಗೋದು. ಅಂದ್ರೆ ಬಾಡಿಗೆನೂ ಕೊಳೆತ ಬಾಕ್ಸೂ ಕೊನೆಗೆ ಹೋಗೋದು ರೈತನ ಜೇಬಿಂದಾನೇ, ಬಿಲ್ಲಲ್ಲಿ ಕಾಣಲ್ಲ ಅಷ್ಟೇ. ದಾರಿ ಒಂದು ದಿನ ಕಡಿಮೆ ಆದ್ರೆ ಹಣ್ಣು ಸ್ವಲ್ಪ ಕೆಂಪಾದ್ಮೇಲೂ ಕೀಳಬಹುದು, ದೂರದ ಊರಿನ ಖರೀದಿದಾರರೂ ಹರಾಜಿಗೆ ಬರ್ತಾರೆ, ಕೂಗೋರು ಜಾಸ್ತಿ ಆದ್ರೆ ರೇಟು ಏರುತ್ತೆ.

ಹಾಗಂತ ರಸ್ತೆ ಒಂದೇ ಸಾಲಲ್ಲ. ಯಾರ್ಡಲ್ಲೇ ಜಾಗ ಸಾಲದೆ ಗೇಟಿನ ಹೊರಗಡೆ ಲಾರಿ ಸಾಲು ನಿಂತ್ರೆ ಎಕ್ಸ್‌ಪ್ರೆಸ್‌ವೇಯಲ್ಲಿ ಉಳಿಸಿದ ಟೈಮು ಅಲ್ಲೇ ಹೋಯ್ತು.

ಲಾಜಿಸ್ಟಿಕ್ಸ್ ಖರ್ಚು ನಮ್ಮ ದೇಶದಲ್ಲಿ ಜಿಡಿಪಿಯ 14% ಅಂತಾರೆ, ನಿಜವಾ?

ಲಾಜಿಸ್ಟಿಕ್ಸ್ ಅಂದ್ರೆ ಮಾಲು ಸಾಗಿಸೋದು, ಕೂಡಿಡೋದು. ಬಹಳ ವರ್ಷ ಎಲ್ಲರೂ ಅದರ ಖರ್ಚು 13-14% ಅಂತಾನೇ ಹೇಳ್ತಿದ್ರು, ಭಾಷಣಗಳಲ್ಲಿ ಈಗ್ಲೂ ಬರುತ್ತೆ. ಆಮೇಲೆ ಡೆಲ್ಲಿಯ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ ಲೆಕ್ಕ ಹಾಕಿದಾಗ 2021-22ಕ್ಕೆ 7.8ರಿಂದ 8.9% ಅಂತ ಬಂತು. ಹಾಗಾಗಿ 14ರ ಮಾತು ಬಿಡಿ. ಆದ್ರೆ ಇದು ಇಡೀ ದೇಶದ ಸರಾಸರಿ ಅನ್ನೋದು ನೆನಪಿರ್ಲಿ, ಬೇಗ ಕೆಡೋ ತರಕಾರಿ ಹಣ್ಣಿನ ವ್ಯಾಪಾರದಲ್ಲಿ ಪಾಲು ಇದಕ್ಕಿಂತ ಎಷ್ಟೋ ಜಾಸ್ತಿ. ವರ್ಲ್ಡ್ ಬ್ಯಾಂಕಿನ ಲಾಜಿಸ್ಟಿಕ್ಸ್ ಪಟ್ಟಿಯಲ್ಲಿ ಭಾರತ 2018ರಲ್ಲಿ 44ನೇ ಜಾಗದಲ್ಲಿತ್ತು, 2023ರಲ್ಲಿ 38ಕ್ಕೆ ಬಂತು.

## ನಮ್ಮ ರಸ್ತೆ, ನಮ್ಮ ರೈಲು

ಚೆನ್ನೈ ಎಕ್ಸ್‌ಪ್ರೆಸ್‌ವೇ ನಮ್ಮ ಹೊಲದ ಮಧ್ಯೆನೇ ಹೋಗಿದೆ, ಹತ್ತೋಕೆ ದಾರಿ ಇಲ್ಲ. ನಮಗೇನು ಉಪಯೋಗ?

ಸಿಟ್ಟು ನ್ಯಾಯವಾದದ್ದೇ. ಹೊಸಕೋಟೆಯಿಂದ ಶ್ರೀಪೆರಂಬದೂರಿಗೆ ಸುಮಾರು 260 ಕಿ.ಮೀ., ಅದರಲ್ಲಿ ನಮ್ಮ ರಾಜ್ಯದ ಪಾಲು 71 ಕಿ.ಮೀ., ಮಾಲೂರು, ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ಬೇತಮಂಗಲದ ತನಕ. ಈ ಭಾಗ 2024ರ ಕೊನೆಗೆ ಓಡಾಟಕ್ಕೆ ಸಿಕ್ತು. ಇಂಥ ರಸ್ತೆಗೆ ಎಲ್ಲಿ ಬೇಕೋ ಅಲ್ಲಿ ಹತ್ತೋಕೆ ಬಿಡಲ್ಲ, ಬೈಕಿಗೂ ಅವಕಾಶ ಇಲ್ಲ, ಗಂಟೆಗೆ 120ರ ವೇಗಕ್ಕೆ ಕಟ್ಟಿರೋ ರಸ್ತೆ ಅಂದ್ರೆ ಹಾಗೇ ಇರ್ಬೇಕು. ಹಾಗಾಗಿ ಲಾಭ ಸಿಗೋದು ಹೊಲದ ಪಕ್ಕ ರಸ್ತೆ ಹೋಗಿದ್ದಕ್ಕಲ್ಲ, ಹತ್ತಿ ಇಳಿಯೋ ಜಾಗ, ಅಂದ್ರೆ ಇಂಟರ್‌ಚೇಂಜ್ ಎಷ್ಟು ಹತ್ರ ಇದೆ, ಅಲ್ಲಿವರೆಗೂ ಹೋಗೋ ಊರಿನ ರಸ್ತೆ ಹೇಗಿದೆ ಅನ್ನೋದಕ್ಕೆ.

ನಾವು ಕೇಳ್ಬೇಕಾಗಿರೋದೂ ಅದನ್ನೇ. ಹಳ್ಳಿಯಿಂದ ಇಂಟರ್‌ಚೇಂಜಿಗೆ ಹೋಗೋ ಐದಾರು ಕಿ.ಮೀ. ರಸ್ತೆಯಲ್ಲಿ ಗುಂಡಿ ಇದ್ರೆ ಟೊಮೆಟೊ ಅಲ್ಲೇ ಜಜ್ಜಿ ಹೋಗುತ್ತೆ, ಮುಂದೆ ಎಷ್ಟೇ ನುಣುಪಾದ ರಸ್ತೆ ಇದ್ರೂ ಜಜ್ಜಿದ ಹಣ್ಣು ಸರಿ ಹೋಗಲ್ಲ. ಸಾವಿರಾರು ಕೋಟಿಯ ಹೆದ್ದಾರಿ ಕಟ್ಟುವಾಗ ಇಂಥ ಕೂಡು ರಸ್ತೆಗಳಿಗೂ ಅದೇ ಯೋಜನೆಯಲ್ಲಿ ದುಡ್ಡು ಇಡ್ಬೇಕು.

ಜಿಎಸ್‌ಟಿ ಬಂದ್ಮೇಲೆ ಚೆಕ್‌ಪೋಸ್ಟ್ ಹೋಯ್ತು ಅಂತಾರೆ, ಲಾರಿ ಇನ್ನೂ ನಿಲ್ತಾನೇ ಇದೆಯಲ್ಲ?

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಆಮೇಲೆ ಮುಳಬಾಗಿಲು ದಾಟಿ ನಂಗಲಿಯಲ್ಲಿದ್ದಂಥ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳ ಕಾಲ ಮುಗೀತು. ಅಲ್ಲಿ ಫೈಲು ಹಿಡ್ಕೊಂಡು ಡ್ರೈವರ್‌ಗಳು ನಿಂತಿದ್ದ ಸಾಲು ಈಗಿನ ಹುಡುಗರು ನೋಡಿಲ್ಲ. ಅದರ ಬದಲು ಇ-ವೇ ಬಿಲ್ ಬಂತು, 50,000 ರೂಪಾಯಿ ದಾಟಿದ ಮಾಲಿಗೆ ಮೊದಲೇ ಆನ್‌ಲೈನಲ್ಲಿ ಮಾಡ್ಕೋಬೇಕು, 2018ರ ಏಪ್ರಿಲ್ 1ರಿಂದ ಜಾರಿ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ ಆಗಿ ಟೋಲಲ್ಲಿ ಚಿಲ್ಲರೆ ಎಣಿಸೋದೂ ತಪ್ಪಿತು. ಆದ್ರೂ ನಿಲ್ಲೋದು ಪೂರ್ತಿ ತಪ್ಪಿಲ್ಲ: ತೂಕ, ಪರ್ಮಿಟ್, ಊರೊಳಗೆ ಹಗಲು ಹೊತ್ತು ಭಾರೀ ವಾಹನಕ್ಕೆ ನಿಷೇಧ, ಬಂದರಿನ ಗೇಟು. ಒಂದು ನಿಲುಗಡೆ ತೆಗೆದ್ರೆ ಇನ್ನೊಂದು ಕಣ್ಣಿಗೆ ಬೀಳುತ್ತೆ. ಸರ್ಕಾರದವರು ಲಾರಿ ಎಷ್ಟು ವೇಗ ಓಡುತ್ತೆ ಅಂತ ಅಳೆಯೋದಕ್ಕಿಂತ ಎಷ್ಟು ಹೊತ್ತು ನಿಂತಿತ್ತು ಅಂತ ಅಳೆದ್ರೆ ನಿಜವಾದ ತೊಂದರೆ ಎಲ್ಲಿದೆ ಗೊತ್ತಾಗುತ್ತೆ. ಈ ಪುಟದಲ್ಲಿ ಯಾವುದಾದ್ರೂ ಒಂದು ಮಾತು ನೆನಪಿಡ್ತೀರ ಅಂದ್ರೆ ಇದನ್ನ ಇಟ್ಕೊಳ್ಳಿ.

ರೈಲಲ್ಲಿ ಕಳ್ಸಿದ್ರೆ ಅಗ್ಗ ಅಂತಾರೆ, ಮತ್ತೆ ಯಾಕೆ ಎಲ್ಲರೂ ಲಾರಿನೇ ಹಿಡೀತಾರೆ?

ದೂರ ಜಾಸ್ತಿ, ತೂಕ ಜಾಸ್ತಿ ಇದ್ರೆ ರೈಲೇ ಅಗ್ಗ. ಆದ್ರೆ ರೈಲು ತೋಟದ ಬಾಗಿಲಿಗೆ ಬರಲ್ಲ, ಹತ್ತಿಸೋಕೆ ಒಂದ್ಸಲ ಇಳಿಸೋಕೆ ಒಂದ್ಸಲ ಹಮಾಲಿ, ಎರಡೂ ಕಡೆ ಮತ್ತೆ ಲಾರಿ. ಅದಕ್ಕಿಂತ ಮುಖ್ಯ ಅಂದ್ರೆ ಗೂಡ್ಸ್ ಗಾಡಿ ಇಷ್ಟು ಗಂಟೆಗೆ ಮುಟ್ಟುತ್ತೆ ಅಂತ ಯಾರೂ ಬರೆದುಕೊಡಲ್ಲ, ಪ್ಯಾಸೆಂಜರ್ ಗಾಡಿ ಬಂದ್ರೆ ಇದು ಪಕ್ಕದ ಲೂಪ್ ಹಳಿಯಲ್ಲಿ ನಿಲ್ಬೇಕು. ಪೂರ್ವ, ಪಶ್ಚಿಮ ಭಾರತದಲ್ಲಿ ಗೂಡ್ಸಿಗೇ ಬೇರೆ ಹಳಿ ಹಾಕಿದ್ದು ಇದಕ್ಕೇ, ದಕ್ಷಿಣಕ್ಕೆ ಅಂಥದ್ದು ಇನ್ನೂ ಬಂದಿಲ್ಲ.

2020ರಲ್ಲಿ ಶುರುವಾದ ಕಿಸಾನ್ ರೈಲು ಮರು ವರ್ಷ ಚಿಂತಾಮಣಿ ಕಡೆಯಿಂದಲೂ ಮಾವು ತುಂಬ್ಕೊಂಡು ಹೋಯ್ತು, ಬಾಡಿಗೆಯಲ್ಲಿ 50% ಸಬ್ಸಿಡಿ ಇತ್ತು. ಒಳ್ಳೇ ಪ್ರಯತ್ನ ಅದು. ಆದ್ರೆ ಇಂಥದ್ದು ಸಬ್ಸಿಡಿ ಮೇಲೇ ನಿಂತ್ರೆ ಉಳಿಯಲ್ಲ, ಸ್ಟೇಷನ್ನಲ್ಲಿ ನೆರಳಿರೋ ಲೋಡಿಂಗ್ ಜಾಗ, ಕೋಲ್ಡ್ ಸ್ಟೋರೇಜು, ವಾರಕ್ಕೆ ಇಂಥ ದಿನ ಗಾಡಿ ಬಂದೇ ಬರುತ್ತೆ ಅನ್ನೋ ಟೈಮ್ ಟೇಬಲ್ಲು ಬೇಕು.

ತುಮಕೂರಿಗೆ ಅಷ್ಟೊಂದು ಫ್ಯಾಕ್ಟರಿ ಬರ್ತಿದೆ, ಕೋಲಾರಕ್ಕೆ ಯಾಕಿಲ್ಲ?

ಕೋಲಾರಕ್ಕೆ ಬಂದಿಲ್ಲ ಅನ್ನೋದು ಸರಿಯಲ್ಲ, ನರಸಾಪುರದಲ್ಲಿ ಹೋಂಡಾ ಇದೆ, ಐಫೋನ್ ಜೋಡಿಸೋ ಫ್ಯಾಕ್ಟರಿ ಇದೆ (ಮೊದಲು ವಿಸ್ಟ್ರಾನ್, ಈಗ ಟಾಟಾ). ತುಮಕೂರಿಗೆ ಅನುಕೂಲ ಅಂದ್ರೆ ಹೆದ್ದಾರಿ 48, ಚೆನ್ನೈ-ಬೆಂಗಳೂರು ಇಂಡಸ್ಟ್ರಿಯಲ್ ಕಾರಿಡಾರಿನಲ್ಲಿ ತುಮಕೂರು ಒಂದು ನೋಡ್ (ಫ್ಯಾಕ್ಟರಿಗಳಿಗೆ ಅಂತ ಗುರುತಿಸಿದ ಕೇಂದ್ರ), ವಸಂತನರಸಾಪುರದಲ್ಲಿ ದೊಡ್ಡ ಜಾಗ. 2014ರಲ್ಲಿ ಅಲ್ಲಿ ಫುಡ್ ಪಾರ್ಕ್ ಬಂತು, 2023ರಲ್ಲಿ ಗುಬ್ಬಿ ಹತ್ರ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ. ಮೊದಲೆಲ್ಲಾ ತುಮಕೂರಿಂದ ಚೆನ್ನೈಗೆ ಹೋಗೋ ಲಾರಿ ಬೆಂಗಳೂರಿನ ಟ್ರಾಫಿಕ್ಕಲ್ಲಿ ಸಿಕ್ಕಿಹಾಕೊಳ್ತಿತ್ತು, ಈಗ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೊರವರ್ತುಲ ರಸ್ತೆ ಹಿಡಿದು ನೇರ ಬರಬಹುದು. ಎರಡು ಜಿಲ್ಲೆ ಜಗಳ ಆಡೋದಕ್ಕಿಂತ ಈ ದಾರಿ ಎರಡಕ್ಕೂ ಕೆಲಸಕ್ಕೆ ಬರೋ ಹಾಗೆ ನೋಡ್ಕೊಳ್ಳೋದು ಒಳ್ಳೇದು.

## ಸುಂಕ, ಬ್ಯಾನ್, ಒಪ್ಪಂದ

ಗುಲಾಬಿ ಈರುಳ್ಳಿ ಎಕ್ಸ್‌ಪೋರ್ಟ್ ಯಾಕೆ ನಿಲ್ಸಿದ್ರು? ಅದನ್ನ ಇಲ್ಲಿ ಯಾರು ತಿಂತಾರೆ?

ಇದೇ ಪ್ರಶ್ನೆ ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ ಕಡೆಯಿಂದ ಎಲ್ಲಕ್ಕಿಂತ ಜಾಸ್ತಿ ಬರೋದು. ಬೆಂಗಳೂರು ಗುಲಾಬಿ ಈರುಳ್ಳಿ ಸಣ್ಣದು, ಕಡು ಗುಲಾಬಿ ಬಣ್ಣ, ಖಾರ ಜಾಸ್ತಿ, ಜಿಐ ಟ್ಯಾಗ್ (ಈ ಪ್ರದೇಶದ್ದೇ ವಿಶೇಷ ಬೆಳೆ ಅನ್ನೋ ಗುರುತು) ಇದೆ. ಇಲ್ಲಿ ಮನೆಗಳಲ್ಲಿ ಬಳಸೋದು ಬಹಳ ಕಮ್ಮಿ, ಬೆಳೆಯೋದೇ ಸಿಂಗಾಪುರ, ಮಲೇಷ್ಯಾ, ಇಂಡೋನೇಷ್ಯಾ ಕಡೆಗೆ ಕಳ್ಸೋಕೆ, ಹೋಗೋದು ಚೆನ್ನೈ ಬಂದರಿಂದ.

2023ರ ಆಗಸ್ಟಲ್ಲಿ ದೇಶದಲ್ಲಿ ಈರುಳ್ಳಿ ಬೆಲೆ ಏರುತ್ತೆ ಅಂತ ಕೇಂದ್ರ ಸರ್ಕಾರ ಎಲ್ಲಾ ಈರುಳ್ಳಿ ರಫ್ತಿಗೂ 40% ಸುಂಕ ಹಾಕ್ತು. ನಮ್ಮವರು ಹೋಗಿ ಹೇಳಿಕೊಂಡ್ಮೇಲೆ ಸೆಪ್ಟೆಂಬರ್ ಕೊನೆಗೆ ಗುಲಾಬಿ ಈರುಳ್ಳಿಗೆ ವಿನಾಯಿತಿ ಸಿಕ್ತು, ತೋಟಗಾರಿಕೆ ಇಲಾಖೆಯ ಸರ್ಟಿಫಿಕೇಟ್ ಬೇಕು ಅಂತ ಷರತ್ತು. ಡಿಸೆಂಬರ್ 8ಕ್ಕೆ ರಫ್ತನ್ನೇ ಪೂರ್ತಿ ಬ್ಯಾನ್ ಮಾಡಿದ್ರು. 2024ರ ಮೇ ತಿಂಗಳಲ್ಲಿ ಬ್ಯಾನ್ ತೆಗೆದ್ರು, 40% ಸುಂಕ, ಜೊತೆಗೆ ಟನ್ನಿಗೆ 550 ಡಾಲರ್ ಕನಿಷ್ಠ ರಫ್ತು ಬೆಲೆ. ಸೆಪ್ಟೆಂಬರಲ್ಲಿ ಕನಿಷ್ಠ ಬೆಲೆ ತೆಗೆದು ಸುಂಕ 20%ಗೆ ಇಳಿಸಿದ್ರು, 2025ರ ಏಪ್ರಿಲ್ 1ಕ್ಕೆ ಅದೂ ಹೋಯ್ತು.

ಬಿತ್ತಿ ಕೀಳೋಷ್ಟರಲ್ಲಿ ನಿಯಮ ಎರಡು ಸಲ ಬದಲಾದ್ರೆ ರೈತ ಏನು ಮಾಡ್ಬೇಕು? ದೇಶದ ಗ್ರಾಹಕನಿಗೆ ಈರುಳ್ಳಿ ಅಗ್ಗಕ್ಕೆ ಸಿಗ್ಬೇಕು ಅನ್ನೋದು ತಪ್ಪಲ್ಲ, ಆದ್ರೆ ಇಲ್ಲಿ ತಿನ್ನದೇ ಇರೋ ಈರುಳ್ಳಿನ ತಡೆದು ಯಾವ ಗ್ರಾಹಕನಿಗೂ ಉಪಕಾರ ಆಗಲ್ಲ. ಮಲೇಷ್ಯಾದ ಖರೀದಿದಾರ ಒಂದ್ಸಲ ಬೇರೆ ದೇಶದ ಮಾಲು ಹಿಡಿದ್ರೆ, ಬ್ಯಾನ್ ತೆಗೆದ ಮರುದಿನ ಓಡಿ ಬರಲ್ಲ. ಅವನ ನಂಬಿಕೆ ಕಳ್ಕೊಂಡಿದ್ದಕ್ಕೆ ಯಾವ ರಸ್ತೆ ಕಟ್ಟಿದ್ರೂ ಪರಿಹಾರ ಇಲ್ಲ.

ಚಿತ್ತೂರಿನವರು ನಮ್ಮ ಮಾವಿನಕಾಯಿ ಬರ್ಬಾರ್ದು ಅಂದ್ರಲ್ಲ, ದೇಶದೊಳಗೇ ಹಾಗೆ ಮಾಡ್ಬೋದಾ?

2025ರ ಜೂನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಬರದ ಹಾಗೆ ಆದೇಶ ಮಾಡ್ತು. ಶ್ರೀನಿವಾಸಪುರದ ತೋತಾಪುರಿಯಲ್ಲಿ ದೊಡ್ಡ ಪಾಲು ಹೋಗೋದೇ ಚಿತ್ತೂರಿನ ಪಲ್ಪ್ (ಮಾವಿನ ತಿರುಳು) ಫ್ಯಾಕ್ಟರಿಗಳಿಗೆ, ಹಾಗಾಗಿ ಇಲ್ಲಿ ರೇಟು ಬಿದ್ದುಹೋಯ್ತು, ನಮ್ಮ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಆಂಧ್ರದ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದ್ರು. ಸಂವಿಧಾನದ 301ನೇ ವಿಧಿ ದೇಶದೊಳಗೆ ವ್ಯಾಪಾರ ಮುಕ್ತವಾಗಿರ್ಬೇಕು ಅನ್ನುತ್ತೆ. ಸಾರ್ವಜನಿಕ ಹಿತಕ್ಕೆ ಅಂತ ಸಮಂಜಸ ನಿರ್ಬಂಧ ಹಾಕೋಕೆ 304ನೇ ವಿಧಿಯಲ್ಲಿ ದಾರಿ ಇದೆ, ಆದ್ರೆ ಅದಕ್ಕೆ ರಾಜ್ಯದ ಶಾಸನಸಭೆ ಕಾನೂನು ಮಾಡ್ಬೇಕು, ರಾಷ್ಟ್ರಪತಿಗಳ ಪೂರ್ವಾನುಮತಿನೂ ಬೇಕು.

ಅಲ್ಲಿನ ರೈತರ ಕಷ್ಟನೂ ಸುಳ್ಳಲ್ಲ, ಆ ವರ್ಷ ಫಸಲು ಜಾಸ್ತಿ, ಫ್ಯಾಕ್ಟರಿ ಕೊಳ್ಳೋದು ಕಮ್ಮಿ. ನಮಗಿರೋ ಪಾಠ ಏನಂದ್ರೆ ಇಷ್ಟೊಂದು ಮಾವು ಬೆಳೆಯೋ ತಾಲ್ಲೂಕು ಪಲ್ಪಿಗೆ ಪಕ್ಕದ ರಾಜ್ಯನೇ ನಂಬ್ಕೊಂಡಿರಬಾರ್ದು.

ಆಮದು ಸುಂಕ ಇಳಿಸಿದ್ರೆ ನಮ್ಮವರ ಕಸುಬು ಮುಚ್ಚಿ ಹೋಗಲ್ವಾ? ರೇಷ್ಮೆಗೆ ಆದಂಗೆ?

ಶಿಡ್ಲಘಟ್ಟದವರು ಕೇಳಿದ್ರೆ ಸುಮ್ನೆ ತಳ್ಳಿಹಾಕೋ ಹಾಗಿಲ್ಲ. 2011ರ ಬಜೆಟ್ಟಲ್ಲಿ ಕಚ್ಚಾ ರೇಷ್ಮೆ ಸುಂಕ 30%ರಿಂದ ಒಂದೇ ಏಟಿಗೆ 5%ಗೆ ಇಳಿಸಿದ್ರು, ಚೀನಾ ನೂಲು ಬಂತು, ಗೂಡಿನ ಬೆಲೆ ಕುಸೀತು, ರೈತರು ಬೀದಿಗಿಳಿದ್ರು, 2013ರಲ್ಲಿ ಮತ್ತೆ 15% ಮಾಡಿದ್ರು. ನೇಕಾರರಿಗೆ ಅಗ್ಗದ ನೂಲು ಬೇಕಿತ್ತು, ಅವರದ್ದೂ ಹೊಟ್ಟೆಪಾಡೇ. ಚೀನಾ ನೂಲು ಒಂದೇ ದಪ್ಪ, ಪವರ್‌ಲೂಮಲ್ಲಿ ತುಂಡಾಗಲ್ಲ, ನೂಲು ತೆಗೆಯೋ ನಮ್ಮ ಹಳೇ ಸಾಧನಗಳಾದ ಚರಕ, ಕಾಟೇಜ್ ಬೇಸಿನ್ನಿನ ನೂಲಲ್ಲಿ ಆ ಸಮ ಇರ್ಲಿಲ್ಲ.

ನನ್ನ ಅಭಿಪ್ರಾಯ: ಸುಂಕ ಇಳಿಸೋದಾದ್ರೆ ಐದಾರು ವರ್ಷದ ಪಟ್ಟಿ ಮೊದಲೇ ಹೇಳಿ, ಆ ಟೈಮಲ್ಲಿ ಒಳ್ಳೇ ನೂಲು ಕೊಡೋ ದ್ವಿತಳಿ ಗೂಡು, ಆಟೋಮ್ಯಾಟಿಕ್ ರೀಲಿಂಗ್ ಮೆಷಿನ್ನಿಗೆ ಸಾಲ, ತರಬೇತಿ ಕೊಟ್ಟು, ಆಮೇಲೆ ಇಳಿಸ್ಬೇಕು. ಈಜು ಕಲಿಸದೆ ಬಾವಿಗೆ ತಳ್ಳೋ ಹಾಗೆ ಮಾಡ್ಬಾರ್ದು.

ನರಸಾಪುರದಲ್ಲಿ ಫೋನ್ ಮಾಡ್ತಾರೆ ಅಂದ್ರೆ ಬಿಡಿಭಾಗಕ್ಕೆ ಸುಂಕ ಹಾಕಿದ್ರೆ ಇನ್ನೂ ಒಳ್ಳೇದಲ್ವಾ, ಅದೂ ಇಲ್ಲೇ ತಯಾರಾಗುತ್ತೆ?

ಫೋನಿನ ಬಿಡಿಭಾಗಗಳಲ್ಲಿ ಬಹಳಷ್ಟು ಹೊರಗಿಂದ ಬರುತ್ತೆ, ಜೋಡಿಸಿದ ಫೋನು ಮತ್ತೆ ಹೊರಗೆ ಹೋಗುತ್ತೆ. ಒಳಗೆ ಬರುವಾಗ ಸುಂಕ ಹಾಕಿದ್ರೆ ಹೊರಗೆ ಹೋಗೋ ಫೋನಿಗೇ ಸುಂಕ ಹಾಕಿದ ಹಾಗೆ, ಆಮೇಲೆ ಡ್ರಾಬ್ಯಾಕಲ್ಲಿ (ರಫ್ತಾದ ಮಾಲಿನ ಸುಂಕ ಹಿಂದಿರುಗಿಸೋ ವ್ಯವಸ್ಥೆ) ವಾಪಸ್ ಕೊಟ್ರೂ ಅಷ್ಟು ದಿನ ದುಡ್ಡು ಸಿಕ್ಕಿಹಾಕೊಳ್ಳುತ್ತೆ. ಅದಕ್ಕೇ 2024ರ ಜನವರಿಯಲ್ಲಿ ಕೆಲವು ಬಿಡಿಭಾಗಗಳ ಸುಂಕ 15%ರಿಂದ 10%ಗೆ, ಜುಲೈ ಬಜೆಟ್ಟಲ್ಲಿ ಫೋನು, ಚಾರ್ಜರ್ ಸುಂಕ 20ರಿಂದ 15%ಗೆ ಇಳಿಸಿದ್ದು. ಇನ್ನೊಂದು, ಫೋನು ಹಡಗಲ್ಲಿ ಹೋಗೋದಕ್ಕಿಂತ ವಿಮಾನದಲ್ಲಿ ಹೋಗೋದೇ ಹೆಚ್ಚು. ಹಾಗಾಗಿ ನರಸಾಪುರಕ್ಕೆ ದೇವನಹಳ್ಳಿ ಏರ್‌ಪೋರ್ಟ್ ರಸ್ತೆ ಎಷ್ಟು ಮುಖ್ಯನೋ ಚೆನ್ನೈ ರಸ್ತೆ ಅಷ್ಟು ಮುಖ್ಯ ಅಲ್ಲ.

ಫ್ರೀ ಟ್ರೇಡ್ ಒಪ್ಪಂದ ಮಾಡ್ಕೊಂಡ್ರೆ ನಮ್ಮ ಹಾಲಿನವರ ಗತಿ?

2019ರ ನವೆಂಬರಲ್ಲಿ ಭಾರತ ಏಷ್ಯಾ-ಪೆಸಿಫಿಕ್ ದೇಶಗಳ ಫ್ರೀ ಟ್ರೇಡ್ ಒಪ್ಪಂದ ಆರ್‌ಸಿಇಪಿಯಿಂದ ಹೊರಗೆ ಬಂದಿದ್ದಕ್ಕೆ ಹಾಲಿನವರ ವಿರೋಧನೂ ಒಂದು ಕಾರಣ, ನ್ಯೂಜಿಲೆಂಡಿನ ಹಾಲಿನ ಪುಡಿ ಬರುತ್ತೆ ಅನ್ನೋ ಭಯ. ಕೋಲಾರದಂಥ, ವರ್ಷವಿಡೀ ಹರಿಯೋ ನದಿಯಿಲ್ಲದ ಜಿಲ್ಲೆಯಲ್ಲಿ ಎರಡು ಹಸು ಇಟ್ಕೊಂಡು ಡೇರಿಗೆ ಹಾಲು ಹಾಕಿ ಮಕ್ಕಳನ್ನ ಓದಿಸಿದ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು, ಅದನ್ನ ಪಣಕ್ಕಿಡಬಾರ್ದು. ಆಮೇಲೆ ಯುಎಇ ಜೊತೆ (2022ರ ಮೇ 1ರಿಂದ ಜಾರಿ), ಆಸ್ಟ್ರೇಲಿಯಾ ಜೊತೆ (2022ರ ಡಿಸೆಂಬರ್) ಒಪ್ಪಂದ ಆಯ್ತು, ಆಸ್ಟ್ರೇಲಿಯಾದ ಒಪ್ಪಂದದಲ್ಲಿ ಹಾಲಿನ ಪದಾರ್ಥ ಹೊರಗಿಟ್ರು. ಅಂದ್ರೆ ಒಪ್ಪಂದ ಬೇಡ ಅನ್ನೋದಕ್ಕಿಂತ ಅದರ ಒಳಗೆ ಏನಿದೆ ಅಂತ ನೋಡಿ ಮಾತಾಡ್ಬೇಕು.

## ಸ್ವಲ್ಪ ಆಳಕ್ಕೆ

ಒಂದು ದಿನ ತಡ ಆದ್ರೆ ನಿಜವಾಗ್ಲೂ ಎಷ್ಟು ನಷ್ಟ, ಯಾರಾದ್ರೂ ಲೆಕ್ಕ ಹಾಕಿದ್ದಾರಾ?

ಹಾಕಿದ್ದಾರೆ. ಹಮ್ಮಲ್ಸ್ ಮತ್ತು ಶೌರ್ ಅನ್ನೋ ಅರ್ಥಶಾಸ್ತ್ರಜ್ಞರು 2013ರಲ್ಲಿ, ಜನ ವಿಮಾನಕ್ಕೆ ಎಷ್ಟು ಜಾಸ್ತಿ ಕೊಟ್ಟು ದಿನ ಉಳಿಸ್ತಾರೆ ಅಂತ ನೋಡಿ, ದಾರಿಯಲ್ಲಿ ಕಳೆಯೋ ಒಂದೊಂದು ದಿನವೂ 0.6ರಿಂದ 2.1% ಸುಂಕ ಹಾಕಿದಷ್ಟಕ್ಕೆ ಸಮ ಅಂತ ತೋರಿಸಿದ್ರು. ಅಂದ್ರೆ ಬಂದರಿನ ಹತ್ರ ಕಂಟೇನರ್ ಐದು ದಿನ ಸುಮ್ನೆ ನಿಂತ್ರೆ 3ರಿಂದ 10.5% ಸುಂಕ ನಮ್ಮ ಮೇಲೆ ನಾವೇ ಹಾಕ್ಕೊಂಡ ಹಾಗೆ. ಡೆಲ್ಲಿಯಲ್ಲಿ ವರ್ಷಗಟ್ಟಲೆ ಕೂತು ಮಾತಾಡಿ ಬೇರೆ ದೇಶದ ಸುಂಕ 5% ಇಳಿಸಿದ್ರೆ ದೊಡ್ಡ ಸುದ್ದಿ ಆಗುತ್ತೆ, ಐದು ದಿನ ತಡ ತಪ್ಪಿಸಿದ್ರೆ ಪೇಪರಲ್ಲಿ ಒಂದು ಸಾಲೂ ಬರಲ್ಲ.

ಚೆನ್ನೈ ಬಂದರಿಗೆ ಮುಟ್ಟಿದ್ರೆ ಆಯ್ತಲ್ಲ, ಅಲ್ಲಿಂದಾಚೆ ಏನು ತೊಂದರೆ?

ಕೊನೆಯ ಇಪ್ಪತ್ತು ಕಿ.ಮೀ.ನಲ್ಲೇ ತೊಂದರೆ ಇರೋದು. ಬಂದರು ಊರ ಮಧ್ಯೆ ಇದೆ, ಮಧುರವಾಯಲ್‌ನಿಂದ ಬಂದರಿಗೆ ಮೇಲ್ಸೇತುವೆ ಮಾಡ್ಬೇಕು ಅನ್ನೋ ಯೋಜನೆ ಎಷ್ಟೋ ವರ್ಷ ಅರ್ಧಕ್ಕೇ ನಿಂತಿತ್ತು, 2022ರಲ್ಲಿ ಹೊಸದಾಗಿ ಶಂಕುಸ್ಥಾಪನೆ ಆಯ್ತು. ಇದಕ್ಕೆ ಒಂದು ಪರ್ಯಾಯ ಅಂದ್ರೆ ವೈಟ್‌ಫೀಲ್ಡಿನ ಐಸಿಡಿ (ಸಮುದ್ರದಿಂದ ದೂರ ಇರೋ ಕಂಟೇನರ್ ಡಿಪೋ): ಕಸ್ಟಮ್ಸ್ ಅಲ್ಲೇ ಮುಗಿಸಿ ಕಂಟೇನರನ್ನ ರೈಲಿಗೇರಿಸಿದ್ರೆ ಸೀದಾ ಬಂದರಿನೊಳಗೆ. ಅದರ ಮುಂದೆ ಇನ್ನೊಂದು ಮಾತಿದೆ, ದೊಡ್ಡ ಹಡಗು ನಮ್ಮ ಎಷ್ಟೋ ಬಂದರಿಗೆ ಬರಲ್ಲ, ಕೊಲಂಬೋದಲ್ಲಿ ಹಡಗು ಬದಲಾಯಿಸ್ಬೇಕು. 2025ರ ಮೇ 2ಕ್ಕೆ ಉದ್ಘಾಟನೆ ಆದ ಕೇರಳದ ವಿಳಿಂಜಂ ಬಂದರು ಆ ಕೆಲಸವನ್ನ ದೇಶದೊಳಗೇ ತರೋ ಪ್ರಯತ್ನ.

ವಿಯೆಟ್ನಾಂ ನಮ್ಮ ನಂತರ ಶುರು ಮಾಡಿ ಮುಂದೆ ಹೋಯ್ತು, ಹೇಗೆ?

ನಮ್ಮ ನಂತರ ಅಲ್ಲ, ನಮ್ಮ 1991ಕ್ಕಿಂತ ಮುಂಚೆನೇ, 1986ರಲ್ಲಿ ದೋಯ್ ಮೋಯ್ ಅಂತ ಸುಧಾರಣೆ ಶುರು ಮಾಡಿದ್ರು, 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಸೇರಿದ್ರು, ಆಮೇಲೆ ಒಂದರ ಹಿಂದೆ ಒಂದು ಒಪ್ಪಂದ, 2020ರಲ್ಲಿ ಯುರೋಪಿನ ಜೊತೆನೂ. ಫ್ಯಾಕ್ಟರಿಗಳು ಬಂದರಿಗೆ ಹತ್ರ ಹತ್ರ ಇವೆ, ಬಿಡಿಭಾಗ ಒಳಗೆ ಬರೋಕೆ ತಡೆ ಕಮ್ಮಿ. ಅವರದ್ದೆಲ್ಲಾ ನಮಗೆ ಹೊಂದಲ್ಲ, ಕರಾವಳಿಯುದ್ದಕ್ಕೂ ಹರಡಿರೋ ದೇಶ ಅದು, ಕೋಲಾರದಿಂದ ಸಮುದ್ರ ರಸ್ತೆ ದಾರಿಯಲ್ಲಿ 250 ಕಿ.ಮೀ.ಗಿಂತ ದೂರ. ಆದ್ರೆ ಹೇಳಿದ ದಾರಿಯಲ್ಲೇ ಮೂವತ್ತು ವರ್ಷ ನಡೆದ್ರಲ್ಲ, ಅದನ್ನ ಕಲೀಬಹುದು.

ನಾನೂ ಎಕ್ಸ್‌ಪೋರ್ಟ್ ಮಾಡ್ಬೋದಾ? ದೊಡ್ಡವರಿಗೆ ಮಾತ್ರನಾ?

ಮಾಡಬಹುದು. ಪ್ಯಾನ್ ಕಾರ್ಡು, ಬ್ಯಾಂಕ್ ಅಕೌಂಟು ಇದ್ರೆ ವಿದೇಶ ವ್ಯಾಪಾರ ನೋಡ್ಕೊಳ್ಳೋ ಕೇಂದ್ರದ ಡಿಜಿಎಫ್‌ಟಿ ವೆಬ್‌ಸೈಟಲ್ಲಿ 500 ರೂಪಾಯಿ ಕಟ್ಟಿ ಐಇಸಿ (ಆಮದು-ರಫ್ತು ಕೋಡ್) ನಂಬರ್ ತಗೋಬಹುದು. ಹಣ್ಣು ತರಕಾರಿ ಆದ್ರೆ ಕೃಷಿ ರಫ್ತು ನೋಡ್ಕೊಳ್ಳೋ ಅಪೇಡಾದಲ್ಲಿ ನೋಂದಣಿ, ಅವರ ಆಫೀಸು ಬೆಂಗಳೂರಲ್ಲೇ ಇದೆ. ಗಿಡ, ಹಣ್ಣಿಗೆ ರೋಗ ಇಲ್ಲ ಅನ್ನೋ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಬೇಕು, ಕಸ್ಟಮ್ಸ್ ಕೆಲಸ ಮಾಡಿಕೊಡೋ ಕ್ಲಿಯರಿಂಗ್ ಏಜೆಂಟ್ ಬೇಕು. ಒಬ್ಬರೇ ಒಂದು ಕಂಟೇನರ್ ತುಂಬೋಕೆ ಆಗಲ್ಲ, ಹಾಗಾಗಿ ರೈತ ಉತ್ಪಾದಕ ಕಂಪನಿ ಮಾಡ್ಕೊಂಡು ಹತ್ತಾರು ಜನ ಸೇರಿ ಕಳ್ಸೋದು ವಾಸಿ. ಮೊದಲ ಸಲ ಖರೀದಿದಾರ ಗೊತ್ತಿಲ್ಲದವನಾದ್ರೆ ಅಡ್ವಾನ್ಸ್ ಇಲ್ಲವೇ ಬ್ಯಾಂಕ್ ಎಲ್‌ಸಿ (ದುಡ್ಡಿಗೆ ಬ್ಯಾಂಕ್ ಕೊಡೋ ಖಾತ್ರಿ) ಇಲ್ಲದೆ ಮಾಲು ಹತ್ತಿಸಬೇಡಿ, ಮತ್ತೆ ಲೋಡ್ ಮಾಡೋ ಹಿಂದಿನ ದಿನ ಆ ಬೆಳೆಯ ರಫ್ತು ನಿಯಮ ಬದಲಾಗಿದ್ಯಾ ಅಂತ ಡಿಜಿಎಫ್‌ಟಿ ನೋಟಿಫಿಕೇಶನ್ ಒಂದ್ಸಲ ನೋಡ್ಕೊಳ್ಳಿ.